ಮಂಚವನ್ನು ಕೆಳಗಿನಿಂದ ನೋಡುತ್ತಿದ್ದ ಖಾಲಾ

ಇಲಾಖೆಯ ಕಾಗದವೊಂದಕ್ಕೆ ಸಹಿ ಹಾಕಿಸಿಕೊಳ್ಳಲು ಹೋದ ವಾರ ದೇವದುರ್ಗದಿಂದ ರಾಯಚೂರಿಗೆ ಹೋಗಿದ್ದೆ. ಸಹಿ ಮಾಡಬೇಕಾದವರು ಊಟಕ್ಕೆ ಹೋಗಿದ್ದರು. ಹೊತ್ತು ಕಳೆಯಬೇಕಿತ್ತು. ಬೇರೂನ್ ಕಿಲ್ಲಾದಲ್ಲಿ ನಾನು ಏಳು ವರ್ಷ ಬಾಡಿಗೆಗಿದ್ದ ಓಣಿಯ ಕಡೆ ನಡೆದೆ. ಪಕ್ಕದ ಮನೆ ಖಾಲಾ ಅವರದು; ಚಿಕ್ಕಮ್ಮ ಎನ್ನುವಂತೆ ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಅದರ ಬಾಗಿಲಿಗೆ ಹೊಸ ಪರದೆ ಹಾಕಿತ್ತು. ಕರೆದಾಗ ಹೊರಗೆ ಬಂದವಳು ನನಗೆ ಗುರುತಿಲ್ಲದ ಹೆಂಗಸು.

"ಪಾಲಿಶ್ ಖಾಲಾ ಏನ್ರಿ? ಅವ್ರು ಹೋಗಿ ಮೂರು ತಿಂಗಳಾತಲ್ರಿ. ನಿಮ್ಗ ಗೊತ್ತಿಲ್ಲೇನು?"

"ಇಲ್ಲ. ಏನಾಗಿತ್ತು?"

"ಏನೂ ಆಗಿದ್ದಿಲ್ರಿ. ಮುಂಜಾನಿ ಏಳ್ಲಿಲ್ಲ, ಅಷ್ಟೇ."

ನೀರು ಕುಡಿಯುತ್ತೀರೇನು ಎಂದು ಕೇಳಿದಳು. ಬೇಡವೆಂದು ಹೇಳಿ ವಾಪಸು ಕಚೇರಿಗೆ ಬಂದು ಸಹಿ ಹಾಕಿಸಿಕೊಂಡು ಬಸ್ಸು ಹತ್ತಿದೆ. ಅಳು ಬಂದರೆ ಇರಲಿ ಎಂದು ಸೆರಗನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ. ಗಬ್ಬೂರು ದಾಟಿತು, ಬರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟು ಶಾಲೆಯ ಮಕ್ಕಳ ನೋಟುಪಟ್ಟಿಗಳನ್ನು ತಿದ್ದಿದೆ. ಮರುದಿನ ಶಾಲೆಗೆ ಹೋದೆ. ಒಂದು ವಾರವಾಯಿತು, ಇನ್ನೂ ಏನೂ ಅನಿಸಿಲ್ಲ. ಬರೆದರೆ ಅನಿಸಬಹುದೇನೋ ಎಂದು ಕೂತಿದ್ದೇನೆ.

ನಾನು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ರಾಯಚೂರಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನನ್ನ ಕೋಣೆಗೂ ಖಾಲಾ ಅವರ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ. ಮೊದಲ ದಿನ ನನಗೆ ಪರಿಚಯವಾದದ್ದು ಅವರಲ್ಲ, ಅವರ ಮನೆಯ ವಾಸನೆ. ಸ್ಪಿರಿಟ್ಟು ಮತ್ತು ಅರಗು. ತಲೆ ಹಿಡಿದುಕೊಳ್ಳುವಂಥ ವಾಸನೆ. ಗೋಡೆಯಾಚೆ ನೋಡಿದರೆ ಅಂಗಳದ ತುಂಬ ಬಣ್ಣವಿಲ್ಲದ ಕುರ್ಚಿ, ಮೇಜು, ಮಂಚದ ಕಾಲುಗಳು. ನಡುವೆ ಎತ್ತರದ, ಬಡಕಲು ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಹತ್ತಿಯುಂಡೆಗೆ ಹಳೆಯ ಪಂಚೆಯ ತುಂಡು ಸುತ್ತಿ, ಅರಗಿನ ನೀರಲ್ಲಿ ಅದ್ದಿ, ಕುರ್ಚಿಯ ತೋಳಿನ ಮೇಲೆ ಎಳೆಯುತ್ತಿದ್ದರು. ಎಳೆದ ಕಡೆ ಎಳೆದ ಹಾಗೆ ಕಟ್ಟಿಗೆ ಬೆಳಗುತ್ತಿತ್ತು.

ಪಾಲಿಶ್ ಕೆಲಸ ಅವರ ಗಂಡನದು. ಓಣಿಯವರೆಲ್ಲ ಉಸ್ತಾದ್ ಎನ್ನುತ್ತಿದ್ದರು. ಬಜಾರಿನ ದೊಡ್ಡ ಫರ್ನಿಚರ್ ಅಂಗಡಿಯ ಸಾಮಾನೆಲ್ಲ ಪಾಲಿಶಿಗೆ ಅವರ ಮನೆಗೇ ಬರುತ್ತಿತ್ತು. ಉಸ್ತಾದರ ಕೈ ಎಂದರೆ ಹೈದರಾಬಾದಿನಲ್ಲೂ ಇಲ್ಲ ಎಂದು ಅಂಗಡಿಯ ಸೇಠು ಗಿರಾಕಿಗಳಿಗೆ ಹೇಳುತ್ತಿದ್ದ. ಆದರೆ ಉಸ್ತಾದರಿಗೆ ಎದೆ ಕೆಟ್ಟು, ಕೈ ನಡುಗತೊಡಗಿ ವರ್ಷಗಳಾಗಿದ್ದವು. ಪಡಸಾಲೆಯ ಹಗ್ಗದ ಮಂಚದ ಮೇಲೆ ಕೂತು ಕೆಮ್ಮುತ್ತ ನೋಡುತ್ತಿದ್ದರು, ಕೆಲಸ ಮಾಡುತ್ತಿದ್ದವರು ಖಾಲಾ. ಅದು ಆ ಮನೆಗೆ ಮತ್ತು ಗೋಡೆಯೀಚೆಯ ನನಗೆ ಮಾತ್ರ ಗೊತ್ತಿತ್ತು. ಅಂಗಡಿಯ ಬಂಡಿ ಬಂದಾಗ ಖಾಲಾ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಉಸ್ತಾದ್ ಎದ್ದು ಬಂದು ಹತ್ತಿಯುಂಡೆ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ವರ್ಷಗಟ್ಟಲೆ ಸ್ಪಿರಿಟ್ಟಿನಲ್ಲಿ ಅದ್ದಿ ಖಾಲಾ ಅವರ ಬೆರಳ ತುದಿಗಳು ಕಂದಾಗಿ, ಚರ್ಮ ದಪ್ಪಗಟ್ಟಿ ಸ್ಪರ್ಶವನ್ನೇ ಕಳೆದುಕೊಂಡಿದ್ದವು. ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತಿಬಿಡುತ್ತಿದ್ದರು. ಮೊದಲ ಸಲ ಅದನ್ನು ನೋಡಿ ನಾನು ಕೂಗಿಕೊಂಡೆ. "ಏನಿಲ್ರಿ ಟೀಚರಮ್ಮ, ಬೆರಳು ಸತ್ತಾವ" ಎಂದರು, ಬೆಳಗ್ಗೆ ಹಾಲು ಬಂದಿದೆ ಎಂದು ಹೇಳುವ ದನಿಯಲ್ಲಿ. ಹಾಗಾಗಿ ಕಟ್ಟಿಗೆಯನ್ನು ಮುಟ್ಟಿ ನೋಡಬೇಕಾದಾಗ ಬೆರಳು ಬಳಸುತ್ತಿರಲಿಲ್ಲ. ಮಣಿಕಟ್ಟಿನ ಒಳಭಾಗವನ್ನು ಎಳೆಯುತ್ತಿದ್ದರು. ಅದೂ ಸಾಲದಿದ್ದರೆ ಬಗ್ಗಿ ಕೆನ್ನೆ ಆನಿಸುತ್ತಿದ್ದರು.

ಬಂದ ಮರುವರ್ಷ ನಾನು ಒಂದು ಅಲ್ಮಾರಿ ಕೊಂಡೆ. ನನ್ನ ಸ್ವಂತದ್ದೆಂದು ಕೊಂಡ ಮೊದಲ ವಸ್ತು. ಅದೇ ಬಜಾರಿನ ಅಂಗಡಿ. "ಸಾಗವಾನಿ ಅದ ಟೀಚರ್, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದ" ಎಂದಿದ್ದ ಸೇಠು. ನನಗೆ ಮದುವೆಯೇ ಆಗಿರಲಿಲ್ಲ, ಆದರೂ ಆ ಮಾತು ಹಿಡಿಸಿತ್ತು. ತಳ್ಳುಗಾಡಿಯ ಮೇಲೆ ಅಲ್ಮಾರಿ ಓಣಿಗೆ ಬಂದಾಗ ನಾನು ಪಕ್ಕದಲ್ಲೇ ನಡೆದು ಬರುತ್ತಿದ್ದೆ. ಖಾಲಾ ಪರದೆ ಸರಿಸಿ ನೋಡಿದರು. ಅಲ್ಮಾರಿಯನ್ನು ನೋಡಿದರು, ನನ್ನ ಮುಖ ನೋಡಿದರು. "ಮುಬಾರಕ್ ರೀ" ಎಂದು ಒಳಗೆ ಹೋದರು.

ಆರೇಳು ತಿಂಗಳಿಗೆ ಅಲ್ಮಾರಿಯ ಕೆಳಗೆ ಸಣ್ಣ ಹಿಟ್ಟಿನಂಥದು ಬೀಳತೊಡಗಿತು. ಗೋಡೆಯ ಉಸುಕೆಂದುಕೊಂಡು ದಿನಾ ಗುಡಿಸುತ್ತಿದ್ದೆ. ಒಂದು ಭಾನುವಾರ ಖಾಲಾ ಏನೋ ಕೊಡಲು ಬಂದವರು ಅದನ್ನು ಕಂಡು ಅಲ್ಲೇ ಕೂತರು. ಚಿಟಿಕೆ ಹಿಟ್ಟನ್ನು ಮಣಿಕಟ್ಟಿನ ಮೇಲೆ ಹಾಕಿಕೊಂಡು ಉಜ್ಜಿದರು.

"ಕುಟ್ಟಿ ಹುಳ ಅದರೀ."

"ಸಾಗವಾನಿಗೆ ಹುಳ ಹತ್ತಲ್ಲ ಅಂದಿದ್ರಲ್ಲ ಅಂಗಡಿಯವ್ರು?"

"ಸಾಗವಾನಿ ಕೆಚ್ಚಿಗಿ, ಒಳಗಿನ ಗಟ್ಟಿ ತಿರುಳಿಗಿ, ಹತ್ತಲ್ಲ. ಇದರ ಬಾಗ್ಲ ಅಷ್ಟೇ ಕೆಚ್ಚು. ಎರಡೂ ಮಗ್ಗಲಾ ಮರದ ಹೊರಗಿನ ಬಿಳೀದು. ಹಿಂದಿನ ಹಲಗಿ ಮಾವು."

"ನಿಮ್ಗ ಹ್ಯಾಂಗ ಗೊತ್ತು?"

ಅವರು ಎದ್ದು ನಿಂತರು. "ಬಿಳೀದರ ಮ್ಯಾಲ ಬಣ್ಣ ಕೊಟ್ಟು ಮುಚ್ಚಿದಾಕಿ ನಾನೇ" ಎಂದರು.

ನನಗೆ ಸಿಟ್ಟು ಬಂತು. ಗಾಡಿ ಓಣಿಗೆ ಬಂದ ದಿನವೇ ಹೇಳಬಹುದಿತ್ತಲ್ಲ, ಅವತ್ತೇ ತಿರುಗಿಸಿ ಕಳಿಸುತ್ತಿದ್ದೆನಲ್ಲ ಎಂದೆ.

"ಅವತ್ತು ನೀವು ನಕ್ಕೋತ ಬರಾಕತ್ತಿದ್ರಿ" ಎಂದರು ಖಾಲಾ. ನೆಲದ ಹಿಟ್ಟನ್ನು ಕಾಲಿನಿಂದ ಸರಿಸುತ್ತ, "ಉಸ್ತಾದ್ ಬಾಗ್ಲದಾಗ ಕುಂತಿದ್ರು" ಎಂದರು. ಎರಡೂ ಕಾರಣಗಳೇ. ಯಾವುದು ದೊಡ್ಡದೆಂದು ಅವರು ಹೇಳಲಿಲ್ಲ.

ಹದಿನೈದು ದಿನ ನಾನು ಅವರೊಡನೆ ಮಾತಾಡಲಿಲ್ಲ. ಹದಿನಾರನೆಯ ದಿನ ಅವರೇ ಸೀಮೆಎಣ್ಣೆಯ ಬಟ್ಟಲು, ಒಂದು ಕೋಳಿ ಪುಕ್ಕ ಹಿಡಿದು ಬಂದು, ನನ್ನನ್ನು ಏನೂ ಕೇಳದೆ, ಅಲ್ಮಾರಿಯನ್ನು ಗೋಡೆಯಿಂದ ಸರಿಸಿ ಒಂದೊಂದೇ ತೂತಿಗೆ ಎಣ್ಣೆ ಬಿಡತೊಡಗಿದರು. ಮೂರು ದಿನ ಸಂಜೆಸಂಜೆ ಬಂದರು. ಕೊನೆಯ ದಿನ ಹೋಗುವಾಗ ಹೊಸ್ತಿಲಲ್ಲಿ ನಿಂತು, "ಇನ್ನ ಮುಂದ ಕಟ್ಟಿಗಿ ಸಾಮಾನು ತಗೊಳ್ಳೋದಿದ್ರ ನನ್ನ ಕರೀರಿ. ನೀವಷ್ಟೇ ಅಲ್ಲ, ನಿಮ್ಮ ಮಂದಿ ಯಾರಿದ್ರೂ" ಎಂದರು.

ಹೀಗೆ ಶುರುವಾಯಿತು. ಮೊದಲು ನಮ್ಮ ಹೆಡ್‌ಮಿಸ್ಟ್ರೆಸ್ ಮನೆಯ ಊಟದ ಮೇಜು. ಆಮೇಲೆ ಅವರ ತಂಗಿಯ ಕಪಾಟು. ಆಮೇಲೆ ಕುರ್ಡಿಯ ಒಬ್ಬ ರೈತ ಮಗಳಿಗೆ ಕೊಡಲು ಕೊಂಡ ಪೆಟ್ಟಿಗೆ. ಖಾಲಾ ಬುರ್ಖಾ ಹಾಕಿಕೊಂಡು, ಮುಖದ ಪರದೆ ಇಳಿಬಿಟ್ಟು, ಗಿರಾಕಿಗಳ ಮನೆಯ ಹೆಂಗಸರಲ್ಲೊಬ್ಬರಂತೆ ಹಿಂದೆ ಹಿಂದೆ ಬರುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಚಹಾ ಮಾತ್ರ, ಅದೂ ಕೆಲಸ ಮುಗಿದ ಮೇಲೆ.

ಅವರು ನೋಡುತ್ತಿದ್ದ ರೀತಿ ಹೀಗಿತ್ತು. ಎಲ್ಲರೂ ಮಂಚದ ತಲೆದೆಸೆಯ ಕೆತ್ತನೆ ನೋಡುತ್ತ ನಿಂತರೆ, ಖಾಲಾ ನೆಲದ ಮೇಲೆ ಕೂತು ಮಂಚದ ಹೊಟ್ಟೆ ನೋಡುತ್ತಿದ್ದರು. ಮೇಜಿನ ಖಾನೆಯನ್ನು ಪೂರ್ತಿ ಹೊರಗೆಳೆದು ಅದರ ಬೆನ್ನು ನೋಡುತ್ತಿದ್ದರು. ಪಾಲಿಶ್ ಮುಟ್ಟದ ಜಾಗ ಎಲ್ಲಿದೆಯೋ ಅಲ್ಲಿಗೇ ಅವರ ಕಣ್ಣು ಹೋಗುತ್ತಿತ್ತು. "ಮುಖ ನೋಡಬ್ಯಾಡ್ರಿ ಟೀಚರಮ್ಮ. ಮುಖ ನಾನು ಮಾಡಿದ್ದು" ಎನ್ನುತ್ತಿದ್ದರು. ಹಲಗೆಯ ಮೇಲ್ಮೈಯಲ್ಲಿ ಓಡುವ ಗೆರೆಗಳು ಅದರ ಅಂಚಿನಲ್ಲೂ ಮುಂದುವರಿಯಬೇಕು. ಅಂಚಿನಲ್ಲಿ ಗೆರೆ ನಿಂತುಹೋದರೆ ಮೇಲಿನದು ಬಣ್ಣದಲ್ಲಿ ಎಳೆದ ಗೆರೆ. ಉಗುರಿನಿಂದ ಕೆರೆದರೆ ಚರ್ಮದ ಹಾಗೆ, ಸ್ವಲ್ಪ ಎಣ್ಣೆಯ ಹಾಗೆ ವಾಸನೆ ಬರಬೇಕು. ಮೂಲೆಯಲ್ಲಿ ಕೊರೆದು ಕೂರಿಸಿದ್ದಾರೋ, ಮೊಳೆ ಹೊಡೆದು ಮೇಣ ಮೆತ್ತಿದ್ದಾರೋ ನೋಡಬೇಕು. ಎತ್ತಿದರೆ ಭಾರವಿರಬೇಕು, ಆದರೆ ತೀರ ಭಾರವಿದ್ದರೆ ಅದು ಹಸಿ. ಹಸಿ ಕಟ್ಟಿಗೆ ರಾಯಚೂರಿನ ಒಂದು ಬೇಸಿಗೆ ತಡೆಯುವುದಿಲ್ಲ, ಏಪ್ರಿಲ್‌ನಲ್ಲಿ ಸೀಳುತ್ತದೆ.

ಅಂಗಡಿಯಲ್ಲಿ ಅವರು ಬಾಯಿ ಬಿಡುತ್ತಿರಲಿಲ್ಲ. ಕೆಲಸ ಕೊಡುವ ಸೇಠಿನ ಎದುರಿಗೆ ಹೇಗೆ ಬಿಡಲಾದೀತು? ನಮ್ಮ ನಡುವೆ ಒಂದು ಗುರುತಿತ್ತು. ಸಾಮಾನು ಚೆನ್ನಾಗಿದ್ದರೆ ಸುಮ್ಮನಿರುತ್ತಿದ್ದರು. ಕೆಟ್ಟದ್ದಿದ್ದರೆ, "ಅಯ್ಯ, ಒಲಿ ಮ್ಯಾಲ ಹಾಲು ಇಟ್ಟು ಬಂದೀನಿ" ಎನ್ನುತ್ತಿದ್ದರು. ನಾವು ಆಮೇಲೆ ಬರುತ್ತೇವೆಂದು ಹೇಳಿ ಎದ್ದುಬಿಡುತ್ತಿದ್ದೆವು. ಎರಡು ವರ್ಷ ನಡೆಯಿತು. ಆ ಅಂಗಡಿಯಲ್ಲಿ ಬಹಳ ಸಲ ಹಾಲು ಉಕ್ಕಿತು.

ಆಮೇಲೆ ನನ್ನ ತಂಗಿಯ ಮದುವೆ ಬಂತು.

ಅಪ್ಪ ನಮ್ಮೂರು ಹಿರೇಕೊಟ್ನೆಕಲ್ಲಿನಿಂದ ತಂಗಿಯನ್ನು ಕರೆದುಕೊಂಡು ಮಂಚ ಕೊಳ್ಳಲು ಬಂದ. ಮಾನ್ವಿಯಲ್ಲಿ ಸಿಗುವ ಮಂಚ ಬೇಡ, ರಾಯಚೂರಿನದೇ ಬೇಕು ಎಂಬುದು ಅವನ ಹಟ. ಖಾಲಾ ಜೊತೆಗೆ ಬಂದರು. ಹಾಲಿನ ಗುರುತನ್ನು ಅಪ್ಪನಿಗೆ ಮೊದಲೇ ಹೇಳಿಡಬೇಕಿತ್ತು. ಹೇಳಲಿಲ್ಲ. ಒಬ್ಬ ಹೆಂಗಸಿನ ಮಾತು ಕೇಳಿ ಮಂಚ ಕೊಳ್ಳಬೇಕೇ ಎಂದು ಅವನು ಬಸ್‌ಸ್ಟ್ಯಾಂಡಿನಿಂದಲೇ ಗೊಣಗುತ್ತಿದ್ದ. ಅಂಗಡಿಯಲ್ಲಿ ನಾನು ಏನಾದರೂ ನಿಭಾಯಿಸುತ್ತೇನೆ ಎಂದುಕೊಂಡೆ. ತಪ್ಪು ಆಗಿದ್ದು ಅಲ್ಲಿ.

ಮಂಚದ ತಲೆದೆಸೆಯಲ್ಲಿ ಜೋಡಿ ನವಿಲುಗಳಿದ್ದವು. ತಂಗಿ ಅವನ್ನೇ ನೋಡುತ್ತ ನಿಂತಳು, ಅಪ್ಪ ತಂಗಿಯನ್ನು ನೋಡುತ್ತ ನಿಂತ. ಖಾಲಾ ಪರದೆ ಎತ್ತಿ, ಮಂಡಿಯೂರಿ, ಮುಂದಿನ ಬಲಗಾಲಿಗೆ ಕೆನ್ನೆ ಆನಿಸಿದರು. ಎದ್ದು, "ಅಯ್ಯ, ಒಲಿ ಮ್ಯಾಲ ಹಾಲು ಇಟ್ಟು ಬಂದೀನಿ" ಎಂದರು.

"ಉಕ್ಕಿದ್ರ ಉಕ್ಕಲಿ ಬಿಡು ಯಮ್ಮಾ" ಎಂದ ಅಪ್ಪ. "ಮದಿವಿ ಕೆಲಸ ಅದ. ಇದೇ ಇರ್ಲಿ ಸೇಠ್ರ, ಬಂಡಿ ಹೇಳ್ರಿ."

ನಾನು ಅಪ್ಪನ ಅಂಗಿಯ ತೋಳು ಹಿಡಿದು ಎಳೆದೆ. ಅವನು ಕೈ ಕೊಡವಿದ. ಸೇಠು ರಸೀದಿ ಪುಸ್ತಕ ತೆಗೆದ. ಖಾಲಾ ಇನ್ನೊಂದು ಸಲ ಹಾಲು ಎಂದರು. ಯಾರೂ ಕೇಳಲಿಲ್ಲ. ಆಗ ಅವರು ಅಪ್ಪನ ಮುಂದೆ ಬಂದು ನಿಂತು, ಅಂಗಡಿಗೆಲ್ಲ ಕೇಳುವ ಹಾಗೆ, "ಬ್ಯಾಡ್ರಿ ಯಪ್ಪಾ" ಎಂದರು.

ಸೇಠು ತಲೆಯೆತ್ತಿದ. "ಯಾಕ ಬ್ಯಾಡ?"

"ಈ ಕಾಲು ಸೀಳ್ಯದರೀ. ಸೀಳಿನಾಗ ಮೇಣ ತುಂಬ್ಯದ. ಇಬ್ಬರು ಕುಂತ್ರ ತಡಿಯಲ್ಲ."

ಸೇಠು ನಕ್ಕ. "ಪಾಲಿಶ್ ಒಳಗಿಂದು ನಿನಗ ಹ್ಯಾಂಗ ಕಾಣ್ತದ ಬೀಬಿ?"

ಖಾಲಾ ತಲೆಯಿಂದ ಒಂದು ಪಿನ್ನು ತೆಗೆದು, ಬಗ್ಗಿ, ಮಂಚದ ಕಾಲಿನ ಮೇಲೆ ಮೇಲಿಂದ ಕೆಳಗೆ ಎಳೆದರು. ಕೆಂಪು ಮೇಣ ಸುರುಳಿ ಸುರುಳಿಯಾಗಿ ಹೊರಬಂದು ನೆಲಕ್ಕೆ ಬಿತ್ತು. ಗೇಣುದ್ದದ ಬಿರುಕು ಬಾಯಿ ಬಿಟ್ಟಿತು. ತಂಗಿ ನನ್ನ ಕೈ ಹಿಡಿದುಕೊಂಡಳು. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಗಿರಾಕಿಗಳಿದ್ದರು, ಅವರೆಲ್ಲ ಹತ್ತಿರ ಬಂದರು. ಸೇಠು ಆಗಷ್ಟೇ ಖಾಲಾ ಅವರ ಮುಖವನ್ನು ನೇರ ನೋಡಿದ, ಗುರುತು ಹಿಡಿದ.

"ಓಹೋ. ನೀನು ಉಸ್ತಾದನ ಹೆಂಡ್ತಿ ಅಲ್ಲೇನು?" ಅವನು ಗಿರಾಕಿಗಳ ಕಡೆ ತಿರುಗಿದ. "ನೋಡ್ರಿ, ಇದಕ ಪಾಲಿಶ್ ಮಾಡಿದಾವ ಇಕಿ ಗಂಡ. ಮೇಣ ತುಂಬಿದಾವ ಇಕಿ ಗಂಡ. ನಾನು ಕಟ್ಟಿಗಿ ಕೊಟ್ಟೆ, ಅವ ಮೋಸ ಮಾಡ್ದ. ಈಗ ಹೆಂಡ್ತಿ ಬಂದು ನನಗ ಕಳ್ಳ ಅಂತಾಳ!"

ಖಾಲಾ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. "ಉಸ್ತಾದ್ ಯಾವತ್ತೂ ಮೋಸ ಮಾಡಿಲ್ರಿ" ಎಂದರು. "ಇದು ಅವ್ರ ಕೈಯಲ್ಲ. ನಂದು. ಎಂಟು ವರ್ಷಾತು, ನಿಮ್ಮ ಅಂಗಡಿ ಪಾಲಿಶೆಲ್ಲ ನಂದೇ. ಮುಚ್ಚಂತ ನೀವು ಹೇಳಿ ಕಳಸ್ತಿದ್ರಿ. ಮುಚ್ಚಿದಾಕಿ ನಾನು."

ಅವರು ಆ ಮಾತು ಹೇಳಿದ್ದು ಗಂಡನ ಹೆಸರು ಉಳಿಸಲು. ನಾನು ಅಲ್ಲೇ ಇದ್ದೆ, ನನಗೆ ಅದರಲ್ಲಿ ಸಂಶಯವಿಲ್ಲ. ಆದರೆ ಬಜಾರು ಅದನ್ನು ಬೇರೆ ರೀತಿ ಕೇಳಿಸಿಕೊಂಡಿತು. ಸಂಜೆಯೊಳಗೆ ತೀನ್ ಕಂದೀಲ್ ಚೌಕದ ಚಹಾದಂಗಡಿಗಳಲ್ಲಿ ಸುದ್ದಿ ಹಬ್ಬಿತ್ತು. ಉಸ್ತಾದನ ಕೈ ಉಸ್ತಾದನದಲ್ಲವಂತೆ, ಹೆಂಡತಿಯದಂತೆ.

ಅಪ್ಪ ಬೇರೆ ಅಂಗಡಿಯಲ್ಲಿ, ಖಾಲಾ ತೋರಿಸಿದ, ನವಿಲಿಲ್ಲದ ಮಂಚ ಕೊಂಡ. ಆ ಮಂಚ ಈಗಲೂ ತಂಗಿಯ ಮನೆಯಲ್ಲಿ ಗಟ್ಟಿಯಾಗಿದೆ, ಅವಳ ಮೂರು ಮಕ್ಕಳು ಅದರ ಮೇಲೆ ಕುಣಿಯುತ್ತವೆ. ಅಪ್ಪ ಹೋಗುವಾಗ ಖಾಲಾಗೆ ಕೈ ಮುಗಿದ. ಅವನು ಹಾಗೆ ಹೆಂಗಸರಿಗೆ ಕೈ ಮುಗಿದದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಮರುದಿನ ಬೆಳಗ್ಗೆ ಅಂಗಡಿಯ ಬಂಡಿ ಬಂದು ಅಂಗಳದಲ್ಲಿದ್ದ ಅರ್ಧ ಪಾಲಿಶಾದ ಕುರ್ಚಿಗಳನ್ನೆಲ್ಲ ಹೇರಿಕೊಂಡು ಹೋಯಿತು. ಬಂಡಿಯ ಸದ್ದು ಓಣಿ ದಾಟಿದ ಮೇಲೆ ಉಸ್ತಾದರ ದನಿ ಗೋಡೆಯಾಚೆಯಿಂದ ನನಗೆ ಕೇಳಿಸಿತು.

"ಬಜಾರ್ ಮೇ ಬೋಲೀ ಕ್ಯಾ?"

"ಹೌ," ಎಂದರು ಖಾಲಾ. ಬಜಾರಿನಲ್ಲಿ ಹೇಳಿದೆಯಾ ಎಂದು ಅವರು ಕೇಳಿದ್ದು, ಹೌದು ಎಂದು ಇವರು ಹೇಳಿದ್ದು.

ಅಷ್ಟೇ. ಜಗಳವಾಗಲಿಲ್ಲ. ಉಸ್ತಾದ್ ಬೈಯಲಿಲ್ಲ, ಕೈ ಎತ್ತಲಿಲ್ಲ. ಆದರೆ ಅವತ್ತಿನಿಂದ ಹೆಂಡತಿಯೊಡನೆ ಮಾತು ಬಿಟ್ಟರು. ಹೋದ ಕೆಲಸಕ್ಕೆ ಅವರು ಅಷ್ಟು ನೊಂದಿರಲಿಲ್ಲ. ಒಮ್ಮೆ ನನಗೆ ಹೇಳಿದರು, "ಟೀಚರಮ್ಮ, ನಾನು ಕೆಮ್ಮಿಕೋತ ಬದುಕಿದ್ದು ಅದೊಂದು ಹೆಸರಿನ ಮ್ಯಾಲ. ಕಳ್ಳ ಅಂದಿದ್ರೂ ನಡೀತಿತ್ತು."

ಆ ಮನೆಯಲ್ಲಿ ನಾನು ನಡುವಿನವಳಾದೆ. ನಾನು ಗೋಡೆಯ ಹತ್ತಿರ ಬಟ್ಟೆ ಒಣಹಾಕುತ್ತಿದ್ದರೆ ಉಸ್ತಾದ್ ಕರೆಯುತ್ತಿದ್ದರು, "ಟೀಚರಮ್ಮ, ಅಕಿಗಿ ಹೇಳ್ರಿ, ಚಾ ಬೇಕಂತ." ಖಾಲಾ ಅಲ್ಲೇ, ಮೂರು ಮಾರು ದೂರದಲ್ಲಿ ಕೂತಿರುತ್ತಿದ್ದರು. ನಾನು, "ಖಾಲಾ, ಉಸ್ತಾದ್‌ಗೆ ಚಾ ಬೇಕಂತ್ರಿ" ಎನ್ನಬೇಕು. ಅವರು ಎದ್ದು ಚಹಾ ಮಾಡಿ ತಂದಿಡಬೇಕು. ನಾನು ಶಾಲೆಗೆ ಹೋದಾಗ ಅವರು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಬಹುಶಃ ನಾನು ಬರುವ ತನಕ ಚಹಾ ಕುಡಿಯುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಖಾಲಾ ಅವರನ್ನು ಕೇಳಿದೆ, ಬೇಜಾರಾಗುವುದಿಲ್ಲವೇ ಎಂದು. "ಏನೂ ಅನಸಲ್ಲರೀ" ಎಂದರು. "ಮೊದಮೊದಲು ಈಗ ಅನಸ್ತದ, ನಾಳಿ ಅನಸ್ತದ ಅಂತ ಕಾದೆ. ಅನಸ್ಲೇ ಇಲ್ಲ." ಆಗ ನನಗೆ ಅದು ಅರ್ಥವಾಗಿರಲಿಲ್ಲ. ಕಲ್ಲು ಮನಸ್ಸು ಎಂದುಕೊಂಡಿದ್ದೆ.

ಅಂಗಡಿಯ ಕೆಲಸ ಹೋದರೂ ಅವರ ಒಲೆ ಆರಲಿಲ್ಲ. ಬಜಾರಿನ ಆ ಜಗಳವೇ ಖಾಲಾ ಅವರಿಗೆ ಹೆಸರು ತಂದಿತ್ತು. ಜನ ತಮ್ಮ ಹಳೆಯ ಸಾಮಾನುಗಳನ್ನು ನೇರ ಅವರ ಮನೆಗೇ ತರತೊಡಗಿದರು. ಅಪ್ಪನೇ ಮಾನ್ವಿ ಕಡೆಯ ಇಬ್ಬರನ್ನು ಕಳಿಸಿದ. ಅವರಲ್ಲೊಬ್ಬರು ಒಂದು ಹಳೆಯ ತೂಗುಮಣೆಯನ್ನು ತಂದರು. ಮಣೆಯ ಒಂದು ಅಂಚು ಸುಟ್ಟು, ಅಲ್ಲಿಗೆ ಹೊಸ ಕಟ್ಟಿಗೆ ಕೂಡಿಸಿದ್ದರು. ಹೊಸದರ ಬಣ್ಣ ಹಳೆಯದರೊಡನೆ ಬೆರೆಯಬೇಕಿತ್ತು. ಖಾಲಾ ನಾಲ್ಕು ದಿನ ಹಚ್ಚಿದರು, ಕೆರೆದರು, ಮತ್ತೆ ಹಚ್ಚಿದರು. ಬೆರೆಯಲಿಲ್ಲ. ಐದನೆಯ ದಿನ ಆ ಮಣೆಯನ್ನು ಎಳೆದುಕೊಂಡು ಹೋಗಿ ಉಸ್ತಾದರ ಮಂಚದ ಮುಂದೆ ಇಟ್ಟರು. ಅರಗಿನ ಡಬ್ಬಿ, ಹತ್ತಿ, ಬಟ್ಟೆ ಪಕ್ಕದಲ್ಲಿಟ್ಟರು. ಒಂದು ಮಾತೂ ಆಡದೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತರು.

ಉಸ್ತಾದ್ ಅವತ್ತು ಅದನ್ನು ಮುಟ್ಟಲಿಲ್ಲ. ಮರುದಿನ ಶಾಲೆಯಿಂದ ಬಂದಾಗ ನೋಡಿದೆ. ನೆಲದ ಮೇಲೆ ಕೂತು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಸಣ್ಣ ಸಣ್ಣ ಸುತ್ತುಗಳಲ್ಲಿ ಹಚ್ಚುತ್ತಿದ್ದರು. ಕೆಮ್ಮು ಬಂದಾಗ ಮುಖ ತಿರುಗಿಸುತ್ತಿದ್ದರು, ಉಗುಳು ಹಾರದಿರಲೆಂದು. ಮೂರು ದಿನ ಹಿಡಿಯಿತು. ಮುಗಿದಾಗ ಸುಟ್ಟ ಅಂಚು ಯಾವುದೆಂದು ತಂದವರಿಗೇ ಗೊತ್ತಾಗಲಿಲ್ಲ.

ಖಾಲಾ ಹೊರಗೆ ಬಂದರು. ಬಗ್ಗಿ ಮಣಿಕಟ್ಟಿನಿಂದ ಆ ಅಂಚನ್ನು ಉದ್ದಕ್ಕೂ ಸವರಿದರು. ನನ್ನ ಕಡೆ ತಿರುಗಿ, "ಟೀಚರಮ್ಮ, ಅವ್ರಿಗಿ ಹೇಳ್ರಿ. ಇಂಥಾದು ನನ್ನ ಕೈಲೆ ಆಗಲ್ಲ" ಎಂದರು.

ನಾನು ಹೇಳಿದೆ. ಉಸ್ತಾದ್ ಕೇಳಿಸಿಕೊಂಡರು. ಇನ್ನೇನಾದರೂ ಹೇಳುತ್ತಾರೆಂದು ನಾವಿಬ್ಬರೂ ನಿಂತೆವು. ಅವರು ಮಂಚ ಹತ್ತಿ, ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮಾತು ಬಿಟ್ಟು ಇನ್ನೇನು ಎರಡು ವರ್ಷ ತುಂಬುತ್ತಿತ್ತು, ಆಗ ಉಸ್ತಾದ್ ತೀರಿಕೊಂಡರು. ಬೆಳಗಿನ ಹೊತ್ತು, ಅವತ್ತು ಶಾಲೆಗೆ ರಜೆ. ಉಸಿರು ಮೇಲಕ್ಕೆ ಹತ್ತಿತ್ತು. ಖಾಲಾ ತಲೆಯ ಕಡೆ ನಿಂತು ಬೀಸಣಿಗೆ ಬೀಸುತ್ತಿದ್ದರು. ನಾನು ಎದುರಿಗೆ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಇಳಿಯಿತು. ಮೂರನೆಯದಕ್ಕೆ ಅವರು, "ಬಸ್" ಎಂದರು. ಸಾಕು ಎಂದು. ಅದೇ ಅವರ ಕೊನೆಯ ಮಾತು.

ಖಾಲಾ ಅಳಲಿಲ್ಲ. ಬಂದ ಹೆಂಗಸರು ಅವರನ್ನು ಅಳಿಸಲು ನೋಡಿದರು, ಆಗಲಿಲ್ಲ. ಮಧ್ಯಾಹ್ನ ಗೋರಿಯೊಳಗೆ ದೇಹದ ಮೇಲೆ ಅಡ್ಡ ಇಡುವ ಹಲಗೆಗಳನ್ನು ತಳ್ಳುಗಾಡಿಯಲ್ಲಿ ತಂದು ಬಾಗಿಲ ಮುಂದೆ ನಿಲ್ಲಿಸಿದ್ದರು. ಗಂಡಸರು ಯಾರಿಗೋ ಕಾಯುತ್ತಿದ್ದರು. ಪರದೆಯ ಹಿಂದಿನಿಂದ ಖಾಲಾ ಅವರ ತೋಳು ಹೊರಗೆ ಬಂತು. ಮೇಲಿನ ಹಲಗೆಯನ್ನು ಮಣಿಕಟ್ಟಿನಿಂದ ಈ ತುದಿಯಿಂದ ಆ ತುದಿಗೆ ಸವರಿತು, ಒಳಗೆ ಹೋಯಿತು. "ಮಾವು" ಎಂದರು, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ. "ಬೇಗ ಮಣ್ಣಾಗ್ತದ. ಇರ್ಲಿ."

ಮರುವರ್ಷ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಕಾಗದ ಬರೆಯುವ ಪದ್ಧತಿ ನಮ್ಮ ನಡುವೆ ಇರಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ, ಬೇರೆಯವರ ಕೈಯಲ್ಲಿ ಓದಿಸಿಕೊಳ್ಳುವಂಥದು ನನ್ನಲ್ಲೇನೂ ಇರಲಿಲ್ಲ. ಮೂರು ವರ್ಷ ಹಾಗೇ ಹೋಯಿತು. ಒಂದು ದಿನ ಶಾಲೆ ಬಿಟ್ಟು ಬರುವಾಗ ಖಾಲಾ ನನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ದೇವದುರ್ಗದ ಒಂದು ಮನೆಯವರು ಹೊಸ ಮನೆಗೆ ಬಾಗಿಲು ಕೊಳ್ಳಲು ಅವರನ್ನು ಕರೆಸಿಕೊಂಡಿದ್ದರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬಾಗ್ಲ ಹ್ಯಾಂಗಿದ್ವು?" ಎಂದೆ.

"ಚಲೋ ಇದ್ವು. ತಗೋರಿ ಅಂದೆ."

ಚಹಾ ಮಾಡಿದೆ. ರೊಟ್ಟಿ ಉಂಡು ಹೋಗಿರೆಂದೆ, ಕೊನೆಯ ಬಸ್ಸು ಹೋಗುತ್ತದೆ ಎಂದರು. ನನ್ನ ತಂಗಿಯನ್ನು ಕೇಳಿದರು, ಅಪ್ಪನನ್ನು ಕೇಳಿದರು. ಆಮೇಲೆ ಮಾತು ಮುಗಿಯಿತು. ಅವರು ಎದ್ದೇಳುತ್ತಾರೆ ಎಂದುಕೊಳ್ಳುವಾಗ ಕೇಳಿದರು:

"ಟೀಚರಮ್ಮ, ಅವತ್ತು ಉಸ್ತಾದ್ 'ಬಸ್' ಅಂದ್ರಲ್ಲ. ಅದು ಯಾರಿಗಿ ಅಂದ್ರು?"

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

"ನಾನು ಬೀಸಣಿಗಿ ಬೀಸ್ತಿದ್ದೆ. ನೀವು ಗಂಜಿ ಕುಡಸ್ತಿದ್ರಿ. ನಾನು ತಲಿ ಕಡಿ ನಿಂತಿದ್ದೆ, ಅವ್ರ ಮುಖ ನನಗ ಕಾಣ್ತಿದ್ದಿಲ್ಲ. ನಿಮಗ ಕಾಣ್ತಿತ್ತು. ಬೀಸೋದು ಸಾಕು ಅಂದ್ರೋ, ಗಂಜಿ ಸಾಕು ಅಂದ್ರೋ?"

ನನಗೆ ಚೆನ್ನಾಗಿ ನೆನಪಿತ್ತು. ಉಸ್ತಾದ್ ನನ್ನ ಕಣ್ಣನ್ನೇ ನೋಡುತ್ತಿದ್ದರು. ಬಸ್ ಎನ್ನುತ್ತ ಎರಡು ಬೆರಳಿನಿಂದ ಚಮಚವನ್ನು ಮೆಲ್ಲಗೆ ಅತ್ತ ಸರಿಸಿದ್ದರು.

"ನಿಮಗೇ ಅಂದ್ರು ಖಾಲಾ" ಎಂದೆ. "ಕಣ್ಣು ಮ್ಯಾಲೆತ್ತಿ ನಿಮ್ಮನ್ನ ನೋಡಿ ಅಂದ್ರು. ಬೀಸಿ ಬೀಸಿ ನಿಮ್ಮ ಕೈ ನೊಂದೀತು ಅಂತ ಅಂದಿರ್ಬೇಕು."

ಅವರು ನನ್ನ ಮುಖವನ್ನು ನೋಡಿದರು. ಪಾಲಿಶ್ ಮಾಡಿದ ಹಲಗೆಯನ್ನು ನೋಡುವ ಹಾಗೆ, ಆತುರವಿಲ್ಲದೆ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

"ಇರ್ಲಿ" ಎಂದರು ಖಾಲಾ. "ಹೇಳಿದ್ರಲ್ಲ, ಸಾಕು."

ಬುರ್ಖಾ ಸರಿಮಾಡಿಕೊಂಡು ಎದ್ದರು. ನಾನು ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಹೋದೆ; ಅವರನ್ನು ಕಂಡದ್ದು ಅದೇ ಕೊನೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವರಿಗೆ.